ಕೊಬ್ಬರಿ ಸೀಮೆಯ ಎರಡನೆಯ ಬಾಣ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತರೆ ಒಂದು ರಸ್ತೆ ತುರುವೇಕೆರೆಗೆ, ಒಂದು ಚಿಕ್ಕನಾಯಕನಹಳ್ಳಿಗೆ, ಇನ್ನೊಂದು ತಿಪಟೂರಿಗೆ. ಯಾವ ಕಡೆ ಹೊರಟರೂ ತೆಂಗಿನ ತೋಟ. ಈ ತೋಟಗಳ ಒಡೆಯರಿಗೆ ದುಃಖವನ್ನು ಯಾರೂ ಪಾಠ ಹೇಳಿ ತಿಳಿಸಬೇಕಿಲ್ಲ. ನುಸಿ ಬಂತು, ಕಪ್ಪುತಲೆ ಹುಳು ಬಂತು, ಕಾಂಡ ಸೋರಿತು, ಬೋರ್‌ವೆಲ್ ಬತ್ತಿ ಫಲ ಕೊಡುವ ಮರಗಳೇ ಸುಳಿ ಒಣಗಿ ನಿಂತವು. ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಕೊಬ್ಬರಿ ಮಾಡಿದರೆ ದರ ನಮ್ಮ ಕೈಯಲ್ಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಅಷ್ಟೂ ಸಿಗಲಿಲ್ಲ. 2025ರಲ್ಲಿ ದರ ಅದರ ಎರಡರಷ್ಟನ್ನು ದಾಟಿತು. ಆಗಲೂ ನೆಮ್ಮದಿಯಿಲ್ಲ. ಮೊದಲೇ ಮಾರಿದವರಿಗೆ ಮಾರಿದೆವಲ್ಲ ಎಂಬ ಕೊರಗು, ಇಟ್ಟುಕೊಂಡವರಿಗೆ ಇನ್ನೂ ಏರೀತು ಎಂಬ ಆಸೆ.

ಸಾರನಾಥದಲ್ಲಿ ಬುದ್ಧ ಐವರು ಸಂಗಾತಿಗಳಿಗೆ ಹೇಳಿದ್ದು ಇದನ್ನೇ: ದುಃಖವಿದೆ, ಅದರ ಬೇರು ತೃಷ್ಣೆ, ಬೇರು ಕಿತ್ತರೆ ಅದು ಅಳಿಯುತ್ತದೆ, ಕೀಳಲು ಎಂಟು ಅಂಗಗಳ ದಾರಿಯಿದೆ. ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತದಲ್ಲಿ ಅವನು ಇನ್ನೂ ಹತ್ತಿರ ಬರುತ್ತಾನೆ. ಬಾಣ ತಗುಲಿದವನಿಗೆ ನೋವಾಗುತ್ತದೆ. ತಿಳಿವಿಲ್ಲದವನು ಆ ನೋವಿಗೆ ಗೋಳಾಡಿ ಎರಡನೆಯ ಬಾಣವನ್ನೂ ತಿನ್ನುತ್ತಾನೆ. ತಿಳಿದವನಿಗೂ ಮೈಯ ನೋವು ತಪ್ಪದು, ಆದರೆ ಒಂದೇ ಬಾಣ.

ಇದನ್ನು ಕೇಳಿ ಕೆಲವರು, ರೈತ ಸುಮ್ಮನಿರಬೇಕೇ ಎನ್ನುತ್ತಾರೆ. ಖಂಡಿತ ಇಲ್ಲ. ಎಂಟು ಅಂಗಗಳಲ್ಲಿ ಸಮ್ಯಕ್ ಆಜೀವ, ಅಂದರೆ ಸರಿಯಾದ ಜೀವನೋಪಾಯವೂ ಇದೆ, ಸಮ್ಯಕ್ ಪ್ರಯತ್ನವೂ ಇದೆ. ನ್ಯಾಯದ ಬೆಲೆಗೆ ಧರಣಿ ಕೂರುವುದು, ರೋಗದ ಮರಕ್ಕೆ ಔಷಧಿ ಮಾಡುವುದು ಮೊದಲ ಬಾಣ ಕೀಳುವ ಕೆಲಸ. ಅದು ಆಗಲೇಬೇಕು. ಬಿಡಬೇಕಾದದ್ದು ಮಾರಿದೆವಲ್ಲ ಎಂಬ ಕೊರಗಿನ ಎರಡನೆಯ ಬಾಣವನ್ನು.

ಪರದೇಶದಲ್ಲಿರುವ ನಮಗೂ ಎರಡನೆಯ ಬಾಣವಿದೆ. ವಯಸ್ಸಾದ ಅಪ್ಪ ಅಮ್ಮ ಊರಲ್ಲಿ, ತೋಟ ಯಾರದೋ ಉಸ್ತುವಾರಿಯಲ್ಲಿ. ಅಗಲಿಕೆಯ ನೋವು ನಿಜ. ಅದರ ಮೇಲೆ ದಿನವೂ ‘ಬಿಟ್ಟು ಬಂದೆವಲ್ಲ’ ಎಂದು ಚುಚ್ಚಿಕೊಳ್ಳುತ್ತೇವೆ. ಈ ಚುಚ್ಚಿಕೊಳ್ಳುವಿಕೆಯಿಂದ ಅಮ್ಮನಿಗೆ ಒಂದು ಮಾತ್ರೆಯೂ ಸಿಗುವುದಿಲ್ಲ. ಒಂದು ಫೋನು ಮಾಡಿದರೆ ಸಿಗುತ್ತದೆ.

ಬುದ್ಧನ ಮಾತನ್ನು ಓದಿ ಒಪ್ಪುವುದು ಸುಲಭ, ಮನಸ್ಸು ಒಪ್ಪಬೇಕಲ್ಲ. ಅದಕ್ಕೆ ಅಭ್ಯಾಸ ಬೇಕು. ಬೆಂಗಳೂರಿನಿಂದ ನಮ್ಮೂರಿಗೆ ಹೋಗುವ ತುಮಕೂರು ರಸ್ತೆಯ ಬದಿಗೆ, ಆಲೂರಿನಲ್ಲಿ, ಧಮ್ಮ ಪಫುಲ್ಲ ಎಂಬ ವಿಪಶ್ಯನಾ ಕೇಂದ್ರವಿದೆ. ಅಲ್ಲಿ ಮೊದಲು ಉಸಿರನ್ನು, ಆಮೇಲೆ ಮೈಯಲ್ಲಿ ಏಳುವ ಸಂವೇದನೆಗಳನ್ನು ಸುಮ್ಮನೆ ಗಮನಿಸುವುದನ್ನು ಕಲಿಸುತ್ತಾರೆ. ಮಾತಿಲ್ಲ, ಫೋನಿಲ್ಲ. ಮುಂದಿನ ಸಲ ಊರಿಗೆ ಬಂದಾಗ ಹತ್ತು ದಿನದ ಈ ಶಿಬಿರಕ್ಕೆಂದು, ಬಂದು ಹೋಗುವ ದಿನಗಳೂ ಸೇರಿ, ಹನ್ನೆರಡು ದಿನ ತೆಗೆದಿಡಿ. ಮೊದಲೇ ಹೆಸರು ನೋಂದಾಯಿಸಬೇಕು. ಊಟ, ವಸತಿ, ಕಲಿಕೆಗೆ ಶುಲ್ಕವಿಲ್ಲ.