ಚಿತ್ರದಲ್ಲಿ ಯಾರಿರಬೇಕು?



ಹಬ್ಬಕ್ಕೆಂದು ಮನೆಮಂದಿಯೆಲ್ಲ ಸೇರಿದಾಗ ಊಟಕ್ಕೆ ಮೊದಲೋ ನಂತರವೋ ಯಾರಾದರೊಬ್ಬರು "ಬನ್ನಿ, ಒಂದು ಫೋಟೋ ತೆಗೆಯೋಣ" ಎನ್ನುತ್ತಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಒಂದರ ಬದಲು ಇಪ್ಪತ್ತು ಚಿತ್ರ ತೆಗೆದು, ಚೆನ್ನಾಗಿ ಬಂದ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಅಳಿಸಿಬಿಡುತ್ತೇವೆ. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ 'ಚೆನ್ನಾಗಿ ಬಂದ ಚಿತ್ರ' ಎಂದರೆ ಅದರಲ್ಲಿ ಯಾರು ಚೆನ್ನಾಗಿ ಬಂದಿದ್ದಾರೆ? ಹಾಗೆಂದು ತೀರ್ಮಾನಿಸಿದವರು ಯಾರು? ಅಳಿಸಿಹೋದ ಹತ್ತೊಂಬತ್ತರಲ್ಲಿ ಅಜ್ಜಿ ಮನಸಾರೆ ನಕ್ಕಿದ್ದ ಚಿತ್ರವೂ ಇದ್ದಿರಬಹುದಲ್ಲವೇ?

ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಈ ಸೌಕರ್ಯವಿರಲಿಲ್ಲ. ಯಾಶಿಕಾ ಮ್ಯಾಟ್ 124 ಜಿ ಎಂಬ ಜಪಾನೀ ಕ್ಯಾಮೆರಾವನ್ನೇ ನೋಡಿ. 1970ರಲ್ಲಿ ಬಂದ ಇದರ ಮುಂಭಾಗದಲ್ಲಿ ಒಂದರ ಮೇಲೊಂದು ಎರಡು ಮಸೂರಗಳಿವೆ. ಮೇಲಿನದು ನೋಡುವುದಕ್ಕೆ, ಕೆಳಗಿನದು ಫಿಲ್ಮಿನ ಮೇಲೆ ಚಿತ್ರ ಮೂಡಿಸುವುದಕ್ಕೆ. ಒಂದು ಸುರುಳಿಗೆ 12 ಚೌಕ ಚಿತ್ರಗಳು ಮಾತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್ ಇಂದು ತಯಾರಾಗುತ್ತಿಲ್ಲ. ಆದರೆ ಇಂಗ್ಲೆಂಡಿನ ಇಲ್ಫೋರ್ಡ್ ಎಚ್‌ಪಿ5 ಪ್ಲಸ್‌ನಂಥ ಕಪ್ಪು-ಬಿಳುಪು ಸುರುಳಿಗಳು ಈಗಲೂ ಸಿಗುತ್ತವೆ. ಆದ್ದರಿಂದಲೇ ಅಜ್ಜನ ಕಪಾಟಿನಲ್ಲಿದ್ದ ಕ್ಯಾಮೆರಾವನ್ನು ಒರೆಸಿ ಮತ್ತೆ ಬಳಸುವ ಯುವಜನರು ಅಲ್ಲಲ್ಲಿ ಕಾಣಸಿಗುತ್ತಾರೆ.

ಇಂಥ ಕ್ಯಾಮೆರಾದಿಂದ ಕುಟುಂಬದ ಚಿತ್ರ ತೆಗೆಯಲು ಹೊರಟವರು ಮೊದಲು ಸಿದ್ಧತೆ ಮಾಡಿಕೊಳ್ಳಬೇಕು. ಎರಡು ಸಾಲಿನಲ್ಲಿ ಎಂಟು ಜನರನ್ನು ನಿಲ್ಲಿಸಿದರೆ ನಾಲ್ಕು ಮೀಟರಿನಷ್ಟು ದೂರ ನಿಲ್ಲಬೇಕು. ಮುಂದಿನವರೂ ಹಿಂದಿನವರೂ ಸ್ಪಷ್ಟವಾಗಿ ಬರಲು ಮಸೂರದ ಬಾಯನ್ನು ಎಫ್/8ರಷ್ಟು ಕಿರಿದಾಗಿಸಬೇಕು. ಬಿಸಿಲು ಕಣ್ಣಿಗೆ ಚುಚ್ಚದ ನೆರಳನ್ನು ಹುಡುಕಬೇಕು. ಅಜ್ಜನಿಗೆ ಕುರ್ಚಿ ತರಬೇಕು, ಮಗುವನ್ನು ಸಮಾಧಾನಪಡಿಸಬೇಕು. ಆಮೇಲೆ ತಲೆ ಬಗ್ಗಿಸಿ ಕ್ಯಾಮೆರಾದ ಮೇಲ್ಭಾಗದ ಗಾಜಿನಲ್ಲಿ ನೋಡಬೇಕು. ಅಲ್ಲಿ ಎಡದಲ್ಲಿರುವವರು ಬಲಕ್ಕೆ, ಬಲದವರು ಎಡಕ್ಕೆ ಕಾಣುತ್ತಾರೆ. ಒಬ್ಬೊಬ್ಬರನ್ನೂ ಹುಡುಕಿ ನೋಡಿದ ಮೇಲೆಯೇ ಗುಂಡಿ ಒತ್ತುವುದು. ಒತ್ತಿದ್ದು ಒತ್ತಿದಂತೆಯೇ; ಯಾರು ಕಣ್ಣು ಮುಚ್ಚಿದರು ಎಂಬುದು ಫಿಲ್ಮ್ ತೊಳೆದ ಮೇಲೆಯೇ ತಿಳಿಯುವುದು.

ಹೀಗೆ ಹಳೆಯ ಕ್ಯಾಮೆರಾದಲ್ಲಿ ಮುಖ್ಯ ತೀರ್ಮಾನಗಳೆಲ್ಲ ಚಿತ್ರಕ್ಕೆ ಮೊದಲು, ಎಲ್ಲರ ಎದುರಿಗೇ ಆಗಬೇಕು. ಮೊಬೈಲಿನಲ್ಲಿ ಅವು ಚಿತ್ರದ ನಂತರ, ಒಬ್ಬರ ಬೆರಳ ತುದಿಯಲ್ಲಿ ಆಗುತ್ತವೆ. ಎದುರಿಗಿದ್ದವರನ್ನು "ನೀನು ಬೇಡ, ಆಚೆ ಹೋಗು" ಎನ್ನಲು ನಾಚಿಕೆಯಾಗುತ್ತದೆ. ಅದೇ ವ್ಯಕ್ತಿಯನ್ನು ಪರದೆಯ ಮೇಲೆ ಅಂಚಿನಿಂದ ಕತ್ತರಿಸಲು ನಾಚಿಕೆಯಾಗುವುದಿಲ್ಲ. ನಾವು ಚಿಂತಿಸಬೇಕಾದ ಪ್ರಶ್ನೆ ಇಲ್ಲಿದೆ: ನಮ್ಮ ಕುಟುಂಬವನ್ನು ನಮಗೆ ಬೇಕಾದಂತೆ ತಿದ್ದಿ ತೋರಿಸುವ ಹಕ್ಕು ನಮಗೆ ಎಷ್ಟರಮಟ್ಟಿಗೆ ಇದೆ?

ಹಾಗೆಂದು ಹಳೆಯದೆಲ್ಲ ಸತ್ಯ, ಹೊಸದೆಲ್ಲ ಸುಳ್ಳು ಎಂದು ಭಾವಿಸುವುದು ಬೇಡ. ಹಿಂದಿನ ಸ್ಟುಡಿಯೋಗಳಲ್ಲೂ ತಿದ್ದುವವರಿದ್ದರು. ಚೂಪಾದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಕೆಲಸ ಮಾಡಿ ಮುಖದ ಕಲೆ, ಸುಕ್ಕುಗಳನ್ನು ಮರೆಸುತ್ತಿದ್ದರು. ಮದುವೆಗೆ ಗಂಡಿನ ಕಡೆಯವರಿಗೆ ಕಳುಹಿಸುವ ಚಿತ್ರದಲ್ಲಿ ಕಪ್ಪು ಹುಡುಗಿ ಬೆಳ್ಳಗಾಗುತ್ತಿದ್ದಳು. ಬೌದ್ಧಿಕ ಅಂಗವೈಕಲ್ಯವಿದ್ದ ಮಗುವನ್ನು ಫೋಟೋ ತೆಗೆಯುವ ಹೊತ್ತಿಗೆ ಒಳಕೋಣೆಯಲ್ಲಿ ಕೂರಿಸಿದ ಮನೆಗಳೂ ಇದ್ದವು. ದೋಷ ಕ್ಯಾಮೆರಾದಲ್ಲಿರಲಿಲ್ಲ.

ಹಾಗಾದರೆ ಯಾವ ತಿದ್ದುಪಡಿ ಸರಿ, ಯಾವುದು ತಪ್ಪು? ಒಂದು ಸರಳ ಅಳತೆಗೋಲನ್ನು ಇಟ್ಟುಕೊಳ್ಳಬಹುದು. ತಾನಾಗಿ ಕಳೆದುಹೋಗುವುದನ್ನು ಮರೆಸಿದರೆ ಅದು ದಾಕ್ಷಿಣ್ಯ. ಮೊದಲ ಪರಮಪ್ರಸಾದದ ದಿನ ಮಗಳ ಗಲ್ಲದ ಮೇಲೆ ಮೂಡಿದ ಮೊಡವೆ ವಾರದಲ್ಲಿ ಹೋಗುತ್ತದೆ. ಅದನ್ನು ಚಿತ್ರದಲ್ಲಿ ಮಸುಕಾಗಿಸಿದರೆ ಯಾರಿಗೂ ಅನ್ಯಾಯವಿಲ್ಲ. ಆದರೆ ಆಕೆಯ ಮೈಬಣ್ಣ ವಾರದಲ್ಲಿ ಹೋಗುವುದಲ್ಲ. ಅದನ್ನು ತಿಳಿಗೊಳಿಸಿ ಗೋಡೆಗೆ ತೂಗುಹಾಕಿದರೆ, "ನೀನು ಇರುವಂತೆ ನಮಗೆ ಸಾಲದು" ಎಂದು ದಿನವೂ ಆಕೆಗೆ ಹೇಳಿದಂತಾಗುತ್ತದೆ. ಆ ಮಾತನ್ನು ತಂದೆತಾಯಿ ಬಾಯಿಬಿಟ್ಟು ಎಂದೂ ಹೇಳಲಾರರು. ಗೋಡೆಯ ಚಿತ್ರ ಅದನ್ನು ಹೇಳುತ್ತಲೇ ಇರುತ್ತದೆ.

ಮುಖ ತಿದ್ದುವುದಕ್ಕಿಂತ ದೊಡ್ಡ ನೋವು ಚೌಕಟ್ಟಿನಿಂದ ಹೊರಗಿಡುವುದು. ನಿಮ್ಮ ಮನೆಯ ಗೋಡೆಯ ಮೇಲಿರುವ ಚಿತ್ರವನ್ನು ಇಂದು ಸಂಜೆ ಒಮ್ಮೆ ಎದ್ದು ನೋಡಿ. ಇರುವವರನ್ನು ನಾವು ದಿನವೂ ನೋಡುತ್ತೇವೆ, ಇಲ್ಲದವರನ್ನು ಎಣಿಸಿ. ಮನೆಯವರ ಒಪ್ಪಿಗೆಯಿಲ್ಲದೆ ಮದುವೆಯಾದ ಮಗಳು? ಆಸ್ತಿಯ ಪಾಲಿನ ವಿಷಯದಲ್ಲಿ ಮಾತು ಬಿಟ್ಟ ತಮ್ಮ? "ನನ್ನದೇಕೆ?" ಎಂದು ಹಿಂದೆ ಸರಿದಾಗ ಯಾರೂ ಒತ್ತಾಯ ಮಾಡದ ವಿಧವೆ ಅತ್ತೆ? ಇನ್ನು ಅಂಚಿನಲ್ಲಿ ನಿಂತವರನ್ನೂ ಗಮನಿಸಿ. ಮೊಬೈಲಿನ ಅಗಲ ನೋಟದ ಮಸೂರ ಅಂಚಿನ ಮುಖಗಳನ್ನು ಹಿಗ್ಗಿಸಿ ವಿಕಾರಗೊಳಿಸುತ್ತದೆ. ಆ ಜಾಗದಲ್ಲಿ ಪ್ರತಿ ಸಲವೂ ಹೊಸ ಸೊಸೆಯೇ ನಿಂತಿದ್ದರೆ ಅದು ಆಕಸ್ಮಿಕವೆನ್ನಲಾದೀತೇ? ಚಿತ್ರ ತೆಗೆಯುವವರೂ ಚಿತ್ರದಲ್ಲಿ ಇರುವುದಿಲ್ಲ. ಆ ಹಳೆಯ ಯಾಶಿಕಾದಲ್ಲಿ ಸನ್ನೆಯೊಂದನ್ನು ಎಳೆದಿಟ್ಟು ಗುಂಡಿ ಒತ್ತಿದರೆ ಕೆಲವು ಸೆಕೆಂಡುಗಳ ನಂತರ ತಾನಾಗಿ ಚಿತ್ರ ಬೀಳುವ ವ್ಯವಸ್ಥೆಯಿತ್ತು. ಅಷ್ಟರೊಳಗೆ ಓಡಿಬಂದು ಸಾಲಿನಲ್ಲಿ ಸೇರಿಕೊಳ್ಳಬಹುದಾಗಿತ್ತು. ಮೊಬೈಲಿನಲ್ಲೂ ಅದು ಇದೆ. ಬಳಸುವವರು ಕಡಿಮೆ.

ಕರಾವಳಿಯ ನಮ್ಮ ಕುಟುಂಬಗಳಲ್ಲಿ ಸೆಪ್ಟೆಂಬರ್ 8ರಂದು ಮಾತೆ ಮರಿಯಳ ಜನ್ಮದಿನದ ತೆನೆಹಬ್ಬ ನಡೆಯುತ್ತದೆ. ಅಂದು ಆಶೀರ್ವದಿಸಿದ ಹೊಸ ಭತ್ತದ ಕಾಳುಗಳನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನುತ್ತಾರೆ. ದೂರದ ಮುಂಬಯಿ, ದುಬೈಗಳಲ್ಲಿರುವ ಮಕ್ಕಳಿಗೂ ಕಾಳುಗಳನ್ನು ಕಳುಹಿಸಿಕೊಡುವ ವಾಡಿಕೆಯಿದೆ. ಕಾಳು ಹಂಚುವಾಗ ಯಾರು ಚೆನ್ನಾಗಿ ಕಾಣುತ್ತಾರೆ ಎಂದು ಯಾರೂ ನೋಡುವುದಿಲ್ಲ. ಮನೆಯವರೆಂದ ಮೇಲೆ ಪಾಲು ಇದ್ದೇ ಇದೆ. ಕುಟುಂಬದ ಚಿತ್ರಕ್ಕೂ ಅದೇ ಲೆಕ್ಕ ಏಕಾಗಬಾರದು?

ಇದಕ್ಕಾಗಿ ನೀವೆಲ್ಲರೂ ಹಳೆಯ ಕ್ಯಾಮೆರಾ ಕೊಳ್ಳಬೇಕಾಗಿಲ್ಲ. ಮೊಬೈಲನ್ನೇ ಹಿಡಿಯಿರಿ, ಸುರುಳಿಯಲ್ಲಿ ಒಂದೇ ಚಿತ್ರ ಉಳಿದಿದೆ ಎಂದುಕೊಂಡು ಹಿಡಿಯಿರಿ. ಗುಂಡಿ ಒತ್ತುವ ಮೊದಲು ತಲೆಗಳನ್ನು ಎಣಿಸಿ. ಅಡುಗೆಮನೆಯಲ್ಲಿ ಉಳಿದವರನ್ನು ಹೆಸರು ಹಿಡಿದು ಕರೆಯಿರಿ, ಬರುವವರೆಗೆ ಕಾಯಿರಿ. ಮಾತು ಬಿಟ್ಟವರಿಗೆ ಹಿಂದಿನ ವಾರವೇ ಫೋನ್ ಮಾಡಿ. ಅವರು ಬಾರದಿರಬಹುದು, ಆದರೂ ಕರೆದಿರಲಿ. ಆಮೇಲೆ ಆ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ. ಯಾರಾದರೂ ಕಣ್ಣು ಮುಚ್ಚಿದ್ದರೆ ಮುಚ್ಚಿರಲಿ. ಹಿಂಬದಿಯಲ್ಲಿ ತೆಳುವಾಗಿ ಪೆನ್ಸಿಲಿನಿಂದ ದಿನಾಂಕವನ್ನೂ, ಎಡದಿಂದ ಬಲಕ್ಕೆ ಒಬ್ಬರನ್ನೂ ಬಿಡದೆ ಎಲ್ಲರ ಹೆಸರನ್ನೂ ಬರೆದಿಡಿ.