ಖಾಲಿ ಪಾತ್ರೆ ಕೇಳಲು ನಾಚಿಕೆ ಯಾಕೆ?



ಮೇ 1 ಕಾರ್ಮಿಕರಾದ ಸಂತ ಜೋಸೆಫರ ಹಬ್ಬ. ಜಗದ್ಗುರು ಹನ್ನೆರಡನೇ ಪಿಯುಸ್ 1955ರಲ್ಲಿ ಸ್ಥಾಪಿಸಿದ ಹಬ್ಬ ಇದು. ನಜರೇತಿನ ಆ ಬಡಗಿಯನ್ನು ನೆನೆಯುವಾಗ ನಮ್ಮ ತಾಳವಾಡಿ ಸೀಮೆಯ ಮನೆಗಳೂ ಕಣ್ಣಮುಂದೆ ಬರುತ್ತವೆ. ಜಗುಲಿಯಲ್ಲಿ ಹೊಲಿಗೆ ಯಂತ್ರ, ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿ, ಅಂಗಳದಲ್ಲಿ ಒಣಗುವ ಹಪ್ಪಳ.

ಮನೆಯಲ್ಲೇ ವ್ಯಾಪಾರ ಮಾಡುವವರ ಕಷ್ಟ ಬೇರೆ ತರಹದ್ದು. ಬೆಳಗ್ಗೆ ಕೆಲಸಕ್ಕೆ ಬಾ ಎಂದು ಕರೆಯುವವರಿಲ್ಲ, ಸಂಜೆ ಸಾಕು ಎಂದು ಕಳಿಸುವವರೂ ಇಲ್ಲ. ಮನೆಯಲ್ಲೇ ಇರುವುದನ್ನು ನೋಡಿ, ಇವರು ಸುಮ್ಮನೆ ಕೂತಿದ್ದಾರೆ ಎಂದು ಜನ ತಿಳಿಯುತ್ತಾರೆ. ಮಾರಾಟವಾಗದ ಸರಕು ಮಲಗುವ ಕೋಣೆಯಲ್ಲೇ ಇರುತ್ತದೆ. ರಾತ್ರಿ ದೀಪ ಆರಿಸಿದರೂ ಅದು ಕಾಣುತ್ತದೆ.

ಇದು ನಮ್ಮ ಅನುಭವವೂ ಹೌದು. ಓದು ಮುಗಿಸಿದ ಮೇಲೆ ಯುವಜನ ಸಂಘದ ನಾವು ಮೂವರು ಮೊಳಕೆ ರಾಗಿ ಹಿಟ್ಟು ಮಾಡಲು ಹೊರಟೆವು. ನಮ್ಮಲ್ಲಿ ಒಬ್ಬರ ಅವ್ವನ ಓಲೆ ಅಡವಿಟ್ಟು 18,000 ರೂಪಾಯಿ ತಂದೆವು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು, ಮಿಲ್ಲಿಗೆ ಹಾಕಿಸಿದೆವು. ಚಾಮರಾಜನಗರದ ಅಂಗಡಿಗಳಿಗೆ ಬಸ್ಸಿನಲ್ಲಿ ಕೊಂಡೊಯ್ದೆವು. ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಮಳೆಗಾಲ ಬಂತು. ಸರಿಯಾಗಿ ಒಣಗದ ರಾಗಿಯ ಹಿಟ್ಟು ಮುಗ್ಗಲು ಹಿಡಿಯಿತು, 40 ಪೊಟ್ಟಣ ವಾಪಸ್ ಬಂದವು. ತೇವ ಉಳಿದರೆ ಬೂಷ್ಟು ಬರುತ್ತದೆಂದು ಬಿ.ಎಸ್ಸಿ. ಓದಿದ ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆರ್ಡರು ಕೈತಪ್ಪೀತೆಂಬ ಅವಸರದಲ್ಲಿ ಕಣ್ಣುಮುಚ್ಚಿಕೊಂಡೆವು.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ನಾವು ಯಾರಿಗೂ ಹೇಳಲಿಲ್ಲ. ಮೂರು ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಕೂಡಲೇ ಪಕ್ಕದ ಬಾಗಿಲಿನಿಂದ ಹೊರಟುಬಿಡುತ್ತಿದ್ದೆವು. ವ್ಯಾಪಾರ ಹೇಗಿದೆ ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಭಯ. ದೇವರ ಮುಂದೆ ಅತ್ತೆವು, ಆದರೆ ಪಕ್ಕದ ಬೆಂಚಿನವರ ಮುಂದೆ ಬಾಯಿ ತೆರೆಯಲಿಲ್ಲ. ಅದನ್ನೇ ವಿಶ್ವಾಸ ಎಂದುಕೊಂಡೆವು.

ಅರಸುಗಳ ಎರಡನೆಯ ಗ್ರಂಥದ ನಾಲ್ಕನೇ ಅಧ್ಯಾಯದಲ್ಲಿ ಒಬ್ಬ ವಿಧವೆ ಇದ್ದಾಳೆ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಒಯ್ಯಲು ಬಂದಿದ್ದಾನೆ. ಅವಳು ಪ್ರವಾದಿ ಎಲೀಷನಿಗೆ ಮೊರೆಯಿಡುತ್ತಾಳೆ. ಮನೆಯಲ್ಲಿ ಏನಿದೆ ಎಂದು ಅವನು ಕೇಳುತ್ತಾನೆ. ಒಂದಿಷ್ಟು ಎಣ್ಣೆ ಬಿಟ್ಟರೆ ಏನೂ ಇಲ್ಲ. ಹಾಗಾದರೆ ನೆರೆಹೊರೆಯವರ ಹತ್ತಿರ ಖಾಲಿ ಪಾತ್ರೆಗಳನ್ನು ಕೇಳಿ ತಾ, ಕಡಿಮೆ ತರಬೇಡ ಎನ್ನುತ್ತಾನೆ. ಅವಳು ಬಾಗಿಲು ಮುಚ್ಚಿ ಎಣ್ಣೆ ಸುರಿಯುತ್ತಾಳೆ, ಮಕ್ಕಳು ಪಾತ್ರೆ ತಂದು ಕೊಡುತ್ತಾರೆ. ಪಾತ್ರೆ ಮುಗಿದಾಗ ಎಣ್ಣೆಯೂ ನಿಲ್ಲುತ್ತದೆ.

ಪ್ರಿಯರೇ, ಸರ್ವೇಶ್ವರನಿಗೆ ಪಾತ್ರೆಗಳನ್ನೂ ಕೊಡುವುದು ಕಷ್ಟವಾಗಿತ್ತೇ? ಇಲ್ಲ. ಆದರೂ ಆ ಹೆಣ್ಣುಮಗಳು ಮನೆಮನೆ ಬಾಗಿಲು ತಟ್ಟಬೇಕಾಯಿತು. ಅವಳ ಕಷ್ಟ ಇಡೀ ಬೀದಿಗೆ ತಿಳಿಯಬೇಕಾಯಿತು. ನೆರೆಯವರು ಹಣ ಕೊಡಲಿಲ್ಲ, ಎಣ್ಣೆ ಕೊಡಲಿಲ್ಲ. ತಮ್ಮಲ್ಲಿದ್ದ ಖಾಲಿ ಪಾತ್ರೆ ಕೊಟ್ಟರು. ಅಷ್ಟೇ ಸಾಕಾಯಿತು. ಎಣ್ಣೆ ತುಂಬಿದ ಮೇಲೂ ಅವಳು ತಾನೇ ಎಲ್ಲ ಬಲ್ಲೆ ಎನ್ನಲಿಲ್ಲ. ಮತ್ತೆ ಎಲೀಷನ ಬಳಿ ಹೋಗಿ ಹೇಳಿದಳು. ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ಬದುಕು ಎಂಬ ದಾರಿ ಆಗ ಸಿಕ್ಕಿತು. ಉತ್ಸಾಹ ಕುಗ್ಗಿದವರು ಇದನ್ನು ಗಮನಿಸಬೇಕು: ಅವಳು ಒಮ್ಮೆಗೆ ಒಂದೇ ಪಾತ್ರೆ ತುಂಬಿದಳು, ಒಬ್ಬಳೇ ತುಂಬಲಿಲ್ಲ.

ಕೊನೆಗೆ ನಾವೂ ಬಾಗಿಲು ತಟ್ಟಿದೆವು. ಹಪ್ಪಳ ಮಾಡುವ ಒಬ್ಬ ಅಜ್ಜಿ ಕೇಳಿ ನಕ್ಕುಬಿಟ್ಟರು. "ಮಳೇಲಿ ಯಾರಾದ್ರೂ ಮೊಳಕೆ ಕಟ್ತಾರಾ ಮಗಾ? ಬ್ಯಾಸ್ಗೇಲೇ ಒಣಗ್ಸಿ ಮಡಿಕ್ಕೊಬೇಕು" ಎಂದರು. ಅಜ್ಜಿ ಕೊಟ್ಟ ಪಾತ್ರೆ ಆ ಮಾತು. ಈ ಬೇಸಿಗೆಯಲ್ಲಿ ಮೊಳಕೆ ರಾಗಿ ಒಣಗಿಸಿ ಡಬ್ಬಗಳಲ್ಲಿ ತುಂಬಿದ್ದೇವೆ. ಆರ್ಡರು ಬಂದಷ್ಟೇ ಹಿಟ್ಟು ಮಾಡಿಸುತ್ತೇವೆ. ಸಾಲ ಇನ್ನೂ ಅರ್ಧ ಉಳಿದಿದೆ, ಓಲೆ ಇನ್ನೂ ಅಡವಿನಲ್ಲೇ ಇದೆ. ಮೂವರಲ್ಲಿ ಒಬ್ಬರು ತಿರುಪ್ಪೂರಿಗೆ ಕೆಲಸಕ್ಕೆ ಹೋದರು. ಅದೂ ಸೋಲಲ್ಲ. ಒಂದು ವ್ಯಾಪಾರ ನಿಲ್ಲಿಸಿ ಬೇರೆ ದುಡಿಮೆ ಹಿಡಿಯುವುದು ಪಾಪವಲ್ಲ.

ಆದ್ದರಿಂದ ಪ್ರತಿ ತಿಂಗಳ ಎರಡನೇ ಭಾನುವಾರ ಬಲಿಪೂಜೆಯ ನಂತರ ಯುವಜನರು ದೇವಾಲಯದ ಜಗುಲಿಯಲ್ಲಿ ಕೂರುತ್ತೇವೆ. ನಮ್ಮಲ್ಲಿ ಅನೇಕರು ಕನ್ನಡ ಶಾಲೆಯಲ್ಲಿ ಓದಿದವರು, ಆದರೆ ಕಚೇರಿಯ ಕಾಗದ ತಮಿಳಿನಲ್ಲಿ ಬರುತ್ತದೆ. ಓದಿ ಹೇಳುತ್ತೇವೆ, ತುಂಬಿಸಿಕೊಡುತ್ತೇವೆ. ಉದ್ಯಮ್ ನೋಂದಣಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳುವ ದಲ್ಲಾಳಿಗಳಿಗೆ ಕೊಡಬೇಡಿ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಅದೂ ತೀರಿಸಬೇಕಾದ ಸಾಲವೇ, ಲೆಕ್ಕ ಹಾಕಿ ತೆಗೆದುಕೊಳ್ಳೋಣ. ನಿದ್ದೆ ಬಾರದೆ, ಬದುಕೇ ಬೇಡ ಎನಿಸುವಷ್ಟು ಮನಸ್ಸು ಸೋತಿದ್ದರೆ ಭಾನುವಾರದವರೆಗೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಮನೆಯವರಿಗೂ ಗುರುಗಳಿಗೂ ಹೇಳಿ.

ಮನೆಯಲ್ಲಿ ದುಡಿಯದವರಿಗೂ ಒಂದು ಮಾತು. ಯಾರಾದರೂ ಬಲಿಪೂಜೆ ಮುಗಿದೊಡನೆ ಬೇಗ ಹೊರಟುಹೋಗುತ್ತಿದ್ದರೆ ಹಿಂದೆಯೇ ಹೋಗಿ ಒಂದು ಮಾತು ಕೇಳಿ. ನಿಮ್ಮ ಮನೆಯಲ್ಲೂ ಒಂದು ಖಾಲಿ ಪಾತ್ರೆ ಇದ್ದೀತು.

ಪ್ರಾರ್ಥಿಸೋಣ: ಪ್ರಭುವೇ, ನಮ್ಮ ಕೈಕೆಲಸವನ್ನು ಆಶೀರ್ವದಿಸಿ. ಕೇಳುವವರ ನಾಚಿಕೆಯನ್ನೂ ಕೊಡುವವರ ಬಿಗುಮಾನವನ್ನೂ ತೆಗೆದುಹಾಕಿ. ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.