ಮರದ ಹೊಟ್ಟಿನ ಎಥೆನಾಲ್: ಒಂದು ಉಳಿಕೆ ಮೀಮಾಂಸೆ

ನಮ್ಮ ಶಾಸ್ತ್ರಕಾರರು ಒಂದು ಅಧಿಕರಣವನ್ನು, ಅಂದರೆ ಒಂದು ಚರ್ಚೆಯನ್ನು, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ನಡೆಸಿಕೊಂಡು ಹೋಗುತ್ತಿದ್ದರು. ನಾನೂ ಆ ದಾರಿಯನ್ನೇ ಹಿಡಿಯುತ್ತೇನೆ. ವಿಷಯ: ಸಾಮಿಲ್ಲಿನ ಹೊಟ್ಟು, ಚಕ್ಕೆಗಳಿಂದ ವಾಹನಗಳಿಗೆ ಎಥೆನಾಲ್ ತೆಗೆಯುವುದು. ಸಂಶಯ: ಅಂಥ ಕಾರ್ಖಾನೆಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಅದು ಕೊಡುವ ಎಥೆನಾಲಿನಿಂದಲೋ, ಕೊನೆಗೆ ಅದರ ಅಂಗಳದಲ್ಲಿ ಉಳಿಯುವುದರಿಂದಲೋ? ಉಳಿಕೆಯಿಂದಲೇ ಎಂಬುದು ನನ್ನ ಪಕ್ಷ.

ಮೊದಲು ಲೆಕ್ಕ. 1000 ಕಿಲೋ ಒಣ ಮರದಲ್ಲಿ ಸೆಲ್ಯುಲೋಸ್ 420 ಕಿಲೋ ಇದೆ ಎಂದಿಟ್ಟುಕೊಳ್ಳಿ. ನೀರು ಸೇರಿಸಿ ಒಡೆದರೆ ಅದು ಸುಮಾರು 466 ಕಿಲೋ ಗ್ಲೂಕೋಸ್ ಆಗುತ್ತದೆ. ಯೀಸ್ಟ್ 180 ಭಾಗ ಗ್ಲೂಕೋಸನ್ನು 92 ಭಾಗ ಎಥೆನಾಲಾಗಿ, 88 ಭಾಗ ಇಂಗಾಲದ ಡೈಆಕ್ಸೈಡಾಗಿ ಮಾಡುತ್ತದೆ. ಒಂದು ಹರಳೂ ಪೋಲಾಗದಿದ್ದರೆ ನಮಗೆ ಸಿಗುವುದು 238 ಕಿಲೋ, ಅಂದರೆ 300 ಲೀಟರಿನ ಆಸುಪಾಸು. ಕಾರ್ಖಾನೆಯಲ್ಲಿ ಅಷ್ಟೂ ಸಿಗುವುದಿಲ್ಲ. ಮರದ ಇನ್ನೊಂದು ಘಟಕವಾದ ಹೆಮಿಸೆಲ್ಯುಲೋಸಿನಿಂದಲೂ ಸಕ್ಕರೆ ಬರುತ್ತದೆ, ನಿಜ. ಆದರೆ ನಮ್ಮ ಅಗಲ ಎಲೆಯ ಮರಗಳಲ್ಲಿ ಅದು ಹೆಚ್ಚಾಗಿ ಕ್ಸೈಲೋಸ್. ಸಾಮಾನ್ಯ ಯೀಸ್ಟ್ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಈ ದಾರಿಯಲ್ಲಿ ಮರದ ಕಾಲು ಪಾಲೂ ವಾಹನದ ಟ್ಯಾಂಕಿಗೆ ಹೋಗುವುದಿಲ್ಲ. ಮುಕ್ಕಾಲು ಪಾಲನ್ನು ಬದಿಗಿಟ್ಟು ಕಾಲು ಪಾಲಿನಿಂದ ತೀರ್ಪು ಕೊಡುವುದು ಯಾವ ನ್ಯಾಯ?

ಆಮ್ಲ ಹಾಕಿದರೆ ಮರದ ಸೆಲ್ಯುಲೋಸ್ ಸಕ್ಕರೆಯಾಗುತ್ತದೆಂದು ಫ್ರಾನ್ಸಿನ ಆನ್ರಿ ಬ್ರಾಕೊನೊ 1819ರಲ್ಲೇ ತೋರಿಸಿದ್ದ. ಆಮ್ಲದ ದಾರಿಯ ಕೆಲಸ ಈಗಲೂ ಬಹುಮಟ್ಟಿಗೆ ಹಾಗೆಯೇ. ತೆಳು ಗಂಧಕಾಮ್ಲದಲ್ಲಿ ಹೊಟ್ಟನ್ನು ಒತ್ತಡದಲ್ಲಿ ಬೇಯಿಸಿ ಸೋಸಿದರೆ ಕಷಾಯದಂಥ ಕಂದು ದ್ರವ ಇಳಿಯುತ್ತದೆ. ಮೂಗಿಗೆ ಮೊದಲು ಬಡಿಯುವುದು ಬಾದಾಮಿಯಂಥ ವಾಸನೆ. ಅದು ಫರ್ಫ್ಯೂರಲ್, ಕ್ಸೈಲೋಸಿನಂಥ ಐದು ಇಂಗಾಲದ ಸಕ್ಕರೆ ಹೆಚ್ಚು ಬೆಂದಾಗ ಹುಟ್ಟುವ ಎಣ್ಣೆ. ಹುಳಿ ಇಳಿಸಲು ಸುಣ್ಣ ಹಾಕಿದರೆ ತಳದಲ್ಲಿ ಬೂದುಬಿಳಿ ಗಸಿ ಕೂರುತ್ತದೆ. ಅದು ಜಿಪ್ಸಂ: 98 ಕಿಲೋ ಆಮ್ಲ ಸುರಿದರೆ 172 ಕಿಲೋ. ಸೋಸುಬಟ್ಟೆಯ ಮೇಲೆ ಮರದಲ್ಲಿ ಸಕ್ಕರೆಯಾಗದ ಭಾಗವಾದ ಲಿಗ್ನಿನ್ ಉಳಿಯುತ್ತದೆ, ಒದ್ದೆ ಕಾಫಿ ಚರಟದ ಹಾಗೆ. ಹುದುಗಿಸಿ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕೊಳೆನೀರು ಸ್ಪೆಂಟ್ ವಾಶ್. ಹುದುಗಿದ ದ್ರವದಲ್ಲಿ ಶೇ. 4ರಷ್ಟೇ ಎಥೆನಾಲ್ ಇದ್ದರೆ ಒಂದು ಲೀಟರ್ ಎಥೆನಾಲಿಗೆ 24 ಲೀಟರ್ ಕೊಳೆನೀರು. ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ಪಕ್ಕದಲ್ಲಿ ಬಾವಿ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮೊದಲ ಆಕ್ಷೇಪ: ಇವೆಲ್ಲ ಹಿತ್ತಿಲ ಕೆಲಸ, ಮೊದಲು ಎಥೆನಾಲ್ ಬರಲಿ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳೋಣ. ಹಾಗಾಗುವುದಿಲ್ಲ. ಫರ್ಫ್ಯೂರಲ್ ಮತ್ತು ಅದರೊಡನೆ ಬರುವ ಅಸಿಟಿಕ್ ಆಮ್ಲ ಯೀಸ್ಟಿಗೆ ವಿಷ. ಅವನ್ನು ತಗ್ಗಿಸದೆ ಹುದುಗು ಸರಿಯಾಗಿ ಏಳುವುದಿಲ್ಲ. ಬಟ್ಟಿ ಇಳಿಸಲು ಹಬೆ ಬೇಕು, ಹಬೆಗೆ ಉರಿ ಬೇಕು. ಒಣ ಲಿಗ್ನಿನ್ ಕಿಲೋಗೆ ಸುಮಾರು 25 ಮೆಗಾಜೂಲ್ ಶಾಖ ಕೊಡುತ್ತದೆ, ಎಥೆನಾಲ್ ಸುಮಾರು 27. ಟನ್ ಮರದಲ್ಲಿ 250 ಕಿಲೋ ಲಿಗ್ನಿನ್ ಇದ್ದರೆ, ಬಹಳವೆಂದರೆ ಸಿಗಬಹುದಾದ ಎಥೆನಾಲಿನಲ್ಲಿರುವಷ್ಟು ಶಾಖ ಹೆಚ್ಚುಕಡಿಮೆ ಅದರಲ್ಲೂ ಇದೆ. ಅದನ್ನು ಹಿಂಡಿ ಒಣಗಿಸಿ ಬಾಯ್ಲರಿಗೆ ಹಾಕದೆ ಕಲ್ಲಿದ್ದಲು ತರಿಸಿದರೆ, ಆ ಎಥೆನಾಲನ್ನು ಹಸಿರು ಇಂಧನ ಎನ್ನುವುದು ಸುಳ್ಳು.

ಎರಡನೆಯದು ನನಗೆ ಹತ್ತಿರದ ಆಕ್ಷೇಪ: ಹೊಟ್ಟನ್ನು ತ್ಯಾಜ್ಯ ಎಂದವರಾರು? ನಮ್ಮ ಮನೆಯಲ್ಲಿ ಸ್ನಾನದ ನೀರು ಕಾಯುತ್ತಿದ್ದದ್ದು ಹೊಟ್ಟಿನ ಒಲೆಯಲ್ಲಿ. ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿಯನ್ನು ಮೆಲ್ಲನೆ ತಿರುಗಿಸಿ ಎಳೆದರೆ ತೂತು ಉಳಿಯುತ್ತದೆ. ಕೆಳಗಿನ ಕಂಡಿಯಿಂದ ಕಿಚ್ಚು ಕೊಟ್ಟರೆ ಒಳಗಿನಿಂದ ಹೊರಕ್ಕೆ ಕೆಂಡವಾಗುತ್ತಾ ಗಂಟೆಗಟ್ಟಲೆ ಉರಿಯುತ್ತದೆ. ಕೋಳಿ ಸಾಕುವವರು, ಇಟ್ಟಿಗೆ ಸುಡುವವರು ಈಗಲೂ ಹೊಟ್ಟನ್ನು ಕೊಂಡೊಯ್ಯುತ್ತಾರೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅವರ ಪಾಲನ್ನು ಕಿತ್ತುಕೊಂಡರೆ ಅವರು ಕಾಡಿನ ಸೌದೆಗೆ ಹೋಗುತ್ತಾರೆ. ಕೇಳುವವರಿಲ್ಲದೆ ಕೊಳೆಯುವ, ಬಯಲಲ್ಲಿ ಸುಡುವ ರಾಶಿಗೆ ಮಾತ್ರ ಕಾರ್ಖಾನೆ ಕೈ ಹಾಕಬೇಕು. ಹಸಿ ಮರ ಕಡಿಯುವಂತಿದ್ದರೆ ನನ್ನ ವಾದವೇ ಬಿದ್ದುಹೋಗುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಉಪಉತ್ಪನ್ನ ನಂಬಿದವನನ್ನು ಮಾರುಕಟ್ಟೆ ಮುಳುಗಿಸುತ್ತದೆ. ಇದಕ್ಕೆ ದೃಷ್ಟಾಂತ ನಮ್ಮ ನೆಲದಲ್ಲೇ ಇದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆ ಉರಿಯುತ್ತಿದ್ದದ್ದು ಇದ್ದಿಲಿನಿಂದ. ಇದ್ದಿಲಿಗಾಗಿ ಮುಚ್ಚಿದ ಪಾತ್ರೆಯಲ್ಲಿ ಮರ ಕಾಯಿಸಿ, ಏಳುವ ಹೊಗೆಯನ್ನು ತಣಿಸಿ, ಮೆಥನಾಲ್, ಕ್ಯಾಲ್ಸಿಯಂ ಅಸಿಟೇಟ್, ಟಾರು ತೆಗೆಯುತ್ತಿದ್ದರು. (ಆ ಮೆಥನಾಲ್ ಕಣ್ಣು ಕಳೆಯುವ ವಿಷ, ನಾವು ಚರ್ಚಿಸುತ್ತಿರುವ ಎಥೆನಾಲ್ ಬೇರೆ.) ಅದೇ 1923ರಲ್ಲಿ ಜರ್ಮನಿಯ ಲೊಯ್ನಾದಲ್ಲಿ ಮರವಿಲ್ಲದೆ, ಅನಿಲದಿಂದ ಮೆಥನಾಲ್ ತಯಾರಿಸುವ ಉದ್ಯಮ ಆರಂಭವಾಯಿತು. ಲೋಕದಲ್ಲೆಲ್ಲ ಮರದ ಮೆಥನಾಲ್ ಮೂಲೆ ಸೇರಿತು.

ಇದಕ್ಕೆ ಸಮಾಧಾನ: ಉಳಿಕೆಯ ಮೊದಲ ಗಿರಾಕಿ ಕಾರ್ಖಾನೆಯೇ ಆಗಿರಬೇಕು. ಲಿಗ್ನಿನ್ ಬಾಯ್ಲರಿಗೆ, ಸ್ಪೆಂಟ್ ವಾಶ್ ಜೈವಿಕ ಅನಿಲಕ್ಕೆ. ಹೀಗೆ ಒಳಗೇ ತೀರಿ ಮಿಕ್ಕದ್ದು ಮಾತ್ರ ಪೇಟೆಗೆ. ಫರ್ಫ್ಯೂರಲ್‌ನಿಂದ ಎರಕದ ಮನೆಯ ಮರಳಚ್ಚು ಕಟ್ಟುವ ಅಂಟು ಮಾಡುತ್ತಾರೆ. ನಾರ್ವೆಯ ಸಾರ್ಪ್ಸ್‌ಬೋರ್ಗ್‌ನಲ್ಲಿ ಬೊರೆಗೋರ್ಡ್ ಕಾರ್ಖಾನೆ 1938ರಿಂದ ಸ್ಪ್ರೂಸ್ ಮರದ ಎಥೆನಾಲ್ ಮಾಡುತ್ತಿದೆ. ಅದು ಸೆಲ್ಯುಲೋಸನ್ನು ಸೆಲ್ಯುಲೋಸಾಗಿಯೇ ಮಾರುತ್ತದೆ, ಲಿಗ್ನಿನ್‌ನಿಂದ ವೆನಿಲಿನ್ ಪರಿಮಳವನ್ನೂ ಕಾಂಕ್ರೀಟಿಗೆ ಬೆರೆಸುವ ವಸ್ತುವನ್ನೂ ತೆಗೆಯುತ್ತದೆ. ಎಥೆನಾಲ್ ಬರುವುದು ಉಳಿದ ಸಕ್ಕರೆನೀರಿನಿಂದ. ಅಲ್ಲಿ ಎಥೆನಾಲೇ ಉಪಉತ್ಪನ್ನ! ಅಷ್ಟು ಕಾಲ ಬಾಳಲು ಅದೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಅಸ್ಸಾಮಿನ ನುಮಾಲಿಗಢದಲ್ಲಿ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಬಿದಿರಿನ ಘಟಕವೂ ಫರ್ಫ್ಯೂರಲ್, ಅಸಿಟಿಕ್ ಆಮ್ಲಗಳನ್ನು ಯೋಜನೆಯಲ್ಲೇ ಸೇರಿಸಿಕೊಂಡಿದೆ.

ಜಿಪ್ಸಂ ಒಂದೇ ನನ್ನನ್ನು ಕಾಡುವ ಉಳಿಕೆ. ಲಿಗ್ನಿನ್ ಕಲೆ ಹತ್ತಿದ ಅದನ್ನು ಸಿಮೆಂಟಿನವರು ಸುಲಭಕ್ಕೆ ಕೊಳ್ಳುವುದಿಲ್ಲ. ಆಮ್ಲವನ್ನೇ ಕಡಿಮೆ ಮಾಡಿ, ಸೆಲ್ಯುಲೋಸ್ ಒಡೆಯುವ ಕೆಲಸವನ್ನು ಶಿಲೀಂಧ್ರದ ಕಿಣ್ವಗಳಿಗೆ ಬಿಡುವುದು ದುಬಾರಿಯಾದರೂ ಸರಿಯಾದ ದಾರಿ.

ನಿಮ್ಮ ತಾಲ್ಲೂಕಿಗೆ ಇಂಥ ಕಾರ್ಖಾನೆ ಬರುವುದಾದರೆ ಸಾರ್ವಜನಿಕ ಅಹವಾಲು ಸಭೆಗೆ ದಯವಿಟ್ಟು ಹೋಗಿ. ದಿನಕ್ಕೆ ಎಷ್ಟು ಲೀಟರ್ ಎಂದು ಅವರೇ ಹೇಳುತ್ತಾರೆ. ಒಂದು ಟನ್ ಮರದ ಸಾವಿರ ಕಿಲೋಗೂ ಕಾಗದದ ಮೇಲೆ ಲೆಕ್ಕ ಕೇಳಿ, ಅದು ಕೈಗೆ ಬರುವವರೆಗೆ ಒಪ್ಪಿಗೆ ಕೊಡಬೇಡಿ.